ಲಗ್ನ ಗಡಿಯಾಚೆ, ಮಣ್ಣು ಓಣಿಯೊಳಗೆ

ಬೀದರ, ಭಾಲ್ಕಿ, ಔರಾದ ಸೀಮೆಯ ಮದುವೆ ಮನೆ ಮತ್ತು ಸಾವಿನ ಮನೆಗಳಲ್ಲಿ ಒಂದು ಸುತ್ತು

ಬೀದರ ಸೀಮೆಯ ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಮಗುಚಿದರೆ ಮರಾಠಿ. ಬೀಗರು ಜಹೀರಾಬಾದಿನವರಾದರೆ ನಡುವೆ ತೆಲುಗಿನದೊಂದು ಹಾಳೆಯೂ ಸೇರಿಕೊಳ್ಳುತ್ತದೆ. ನೆತ್ತಿಯ ಮೇಲೆ ಮನೆದೇವರು: ತುಳಜಾಪುರದ ಭವಾನಿ, ಖಾನಾಪುರದ ಮೈಲಾರ ಮಲ್ಲಣ್ಣ, ಹುಮನಾಬಾದಿನ ವೀರಭದ್ರೇಶ್ವರ. ಅದರ ಕೆಳಗೆ ಅಜ್ಜ, ಕಾಕಾ, ಮಾಮಾ, ಭಾವ ಎಂದು ಅಂಗೈಯಗಲದ ಯಾದಿ. ತುದಿಯಲ್ಲಿ ಇನ್ನೂ ಅಂಗನವಾಡಿಗೆ ಹೋಗುವ ಮಕ್ಕಳ ಹೆಸರಿನಲ್ಲೊಂದು ಸಾಲು: ನಮ್ಮ ಕಾಕಾನ ಲಗ್ನಕ್ಕ ತಪ್ಪದೆ ಬರ್ರಿ. ಅಕ್ಷತೆಯ ಮುಹೂರ್ತ 12 ಗಂಟೆ 37 ನಿಮಿಷ ಎಂದು ಅಚ್ಚಾಗಿರುತ್ತದೆ. ಆ 37ನೇ ನಿಮಿಷವನ್ನು ಅಚ್ಚು ಹಾಕಿದವನೂ ನಂಬುವುದಿಲ್ಲ. ಮದುಮಗನ ಮೆರವಣಿಗೆ ಆ ಹೊತ್ತಿಗೆ ಇನ್ನೂ ಹನುಮಂತ ದೇವರ ಗುಡಿಯ ಮುಂದೆ ಡಿಜೆಗೆ ಕುಣಿಯುತ್ತಿರುತ್ತದೆ.

ಸಾವಿಗೆ ಪತ್ರಿಕೆ ಇಲ್ಲ. ಮಸೀದಿಯ ಧ್ವನಿವರ್ಧಕದಲ್ಲೊಂದು ಪ್ರಕಟಣೆ, ವಾಟ್ಸಾಪ್ ಗುಂಪಿನಲ್ಲೊಂದು ಫೋಟೊ, ಹೋಟೆಲಿನ ಮುಂದೆ ನಿಂತವರ ಬಾಯಲ್ಲಿ 'ಮಣ್ಣು ನಾಕಕ್ಕ ಅಂತ' ಎಂಬ ಮಾತು. ಅಷ್ಟು ಸಾಕು. ಅಂಗಡಿಯವನು ಅರ್ಧ ಷಟರ್ ಇಳಿಸುತ್ತಾನೆ, ಆಟೋದವನು ಬಾಡಿಗೆ ಬಿಡುತ್ತಾನೆ. ಲಗ್ನಕ್ಕೆ ಕರೆದರೆ ಹೋಗಬೇಕು, ಮಣ್ಣಿಗೆ ಕರೆಯದೆ ಹೋಗಬೇಕು ಎನ್ನುವುದು ಈ ಕಡೆಯ ಹಳೇ ಮಾತು. ಹೋಗದವನನ್ನು ಊರು ನೆನಪಿಟ್ಟುಕೊಳ್ಳುತ್ತದೆ.

ಎರಡೂ ಮನೆಗಳ ಅಂಗಳದಲ್ಲಿ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿನ ಲಗ್ನ ರಾಜ್ಯದ ಗಡಿಯನ್ನೂ ಭಾಷೆಯ ಗಡಿಯನ್ನೂ ಸಲೀಸಾಗಿ ದಾಟಿಬಿಡುತ್ತದೆ, ಜಾತಿಯ ಗೆರೆಯ ಹತ್ತಿರ ಬಂದಾಗ ಮಾತ್ರ ಕಾಲು ಹಿಂದಕ್ಕೆ ತೆಗೆಯುತ್ತದೆ. ಸಾವು ಓಣಿ ಬಿಟ್ಟು ದೂರ ಹೋಗುವುದಿಲ್ಲ, ಆದರೆ ಆ ಓಣಿಯೊಳಗಿನ ಎಲ್ಲ ಧರ್ಮದವರ ಬಾಗಿಲನ್ನೂ ತಟ್ಟುತ್ತದೆ.

ಹಳೇ ಜಿಲ್ಲೆಯ ಸೋಯರಿಕೆ

1956ರ ನವೆಂಬರ್ 1ಕ್ಕೆ ಮುಂಚೆ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದ್ದು. ಉದಗೀರ, ಅಹಮದಪುರ, ನಿಲಂಗಾ ಅದರದೇ ತಾಲ್ಲೂಕುಗಳು. ಜಹೀರಾಬಾದ್, ನಾರಾಯಣಖೇಡವೂ ಅದರದೇ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೊದಲಿನ ಮೂರು ಮರಾಠಿ ಸೀಮೆಗೆ ಹೋದವು, ಕಡೆಯ ಎರಡು ತೆಲುಗು ಸೀಮೆಗೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಈ ಕಡೆ ಉಳಿದವು. ಸರ್ಕಾರ ನಕ್ಷೆ ಬದಲಿಸಿತು, ಸೋಯರಿಕೆ ಬದಲಿಸಲಿಲ್ಲ. ಇವತ್ತಿಗೂ ಔರಾದದ ಮನೆಗೆ ದೇಗಲೂರಿನ ಸೊಸೆ, ಭಾಲ್ಕಿಯ ಮಗಳಿಗೆ ಉದಗೀರದ ಗಂಡನ ಮನೆ. ಅತ್ತೆ ಮರಾಠಿಯಲ್ಲಿ ಗದರಿದರೆ ಸೊಸೆ ಕನ್ನಡದಲ್ಲಿ ಗೊಣಗುತ್ತಾಳೆ, ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ. ಲಿಂಗಾಯತರು, ಮರಾಠರು, ಕುರುಬರು, ಕೋಳಿಗಳು, ಮಾದಿಗರು, ಹೊಲೆಯರು, ಯಾರ ಮನೆಯ ಬೀಗತನದ ದಾರಿ ಹಿಡಿದು ಹೋದರೂ ಗಡಿಯ ಆಚೆಗೊಂದು ತವರು ಸಿಗುತ್ತದೆ.

ಶಾಸ್ತ್ರಗಳೂ ಹಾಗೇ ಕಲಬೆರಕೆ. ಸುರಗಿಯನ್ನೇ ನೋಡಿ. ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಹಸಿನೂಲನ್ನು ಸುತ್ತುತ್ತಾರೆ. ಆ ನೂಲಿನ ಚೌಕದೊಳಗೆ ಅರಿಶಿಣ ಹಚ್ಚಿದ ಮದುಮಕ್ಕಳನ್ನು ಕೂರಿಸಿ ಮುತ್ತೈದೆಯರು ನೀರು ಹುಯ್ಯುತ್ತಾರೆ. ಇದು ಉತ್ತರ ಕರ್ನಾಟಕದ್ದೇ ಪದ್ಧತಿ. ಅದಾದ ಮೇಲೆ ಹಂದರದಲ್ಲಿ ಅಂತರಪಟ ಹಿಡಿದು, ಮಂಗಲಾಷ್ಟಕದ ಕೊನೆಗೆ 'ಸಾವಧಾನ' ಎನ್ನುವಾಗ ಎದ್ದು ಬರುವ ದನಿ ಅಪ್ಪಟ ಮರಾಠವಾಡಾ. ಅಕ್ಷತೆಗೆ ಅಕ್ಕಿಯೇ ಬೇಕೆಂಬ ಹಟವಿಲ್ಲ, ಬಣ್ಣ ಹಚ್ಚಿದ ಜೋಳವೂ ನಡೆಯುತ್ತದೆ. ಜೋಳ ಬೆಳೆಯುವ ನಾಡಿನಲ್ಲಿ ಆಶೀರ್ವಾದವೂ ಜೋಳದ್ದೇ. ಹಿಂದಿನ ಸಾಲಿನ ಹುಡುಗರು ಅದನ್ನು ಮದುಮಗನ ಕನ್ನಡಕಕ್ಕೆ ಗುರಿಯಿಟ್ಟು ಹೊಡೆಯುತ್ತಾರೆ.

ಆಮೇಲೆ ಆಹೇರ. ಮೈಕು ಹಿಡಿದವನೊಬ್ಬ, ಪಕ್ಕದಲ್ಲಿ ವಹಿ ಹಿಡಿದವನೊಬ್ಬ. ಯಾರು ಶೆಲ್ಯ ಕೊಟ್ಟರು, ಯಾರು ಸೀರೆ, ಯಾರು 501 ರೂಪಾಯಿ ಎಂದು ಹಂದರಕ್ಕೆಲ್ಲ ಕೇಳುವ ಹಾಗೆ ಕೂಗಿ ಬರೆದುಕೊಳ್ಳುತ್ತಾರೆ. ಪೇಟೆಯ ಜನ ಇದನ್ನು ನೋಡಿ ಮುಸಿಮುಸಿ ನಗುವುದುಂಟು. ನಗುವಂಥದ್ದೇನಿಲ್ಲ. ಆ ವಹಿ ಬ್ಯಾಂಕಿಲ್ಲದ ಕಾಲದ ಬ್ಯಾಂಕು. ಇವತ್ತು ಬರೆದದ್ದನ್ನು ನಾಳೆ ಅವರ ಮನೆಯ ಲಗ್ನದಲ್ಲಿ ಒಂದಿಷ್ಟು ಸೇರಿಸಿ ಮರಳಿಸಬೇಕು. ಹೀಗೆ ಎರಡು ಮನೆಗಳ ನಡುವಿನ ಲೆಕ್ಕ ಎಂದೂ ಚುಕ್ತಾ ಆಗದ ಹಾಗೆ ನೋಡಿಕೊಳ್ಳುವುದೇ ಸಂಬಂಧ.

ಊಟದ ಕೆಲಸದಲ್ಲಿ ಓಣಿ ಇಡಿಯಾಗಿ ಒಳಗೆ ಬರುತ್ತದೆ. ಕೇಟರಿಂಗಿನವರು ಬರುವ ಮುಂಚಿನ ಲಗ್ನಗಳಲ್ಲಿ ಹಿಟ್ಟನ್ನು ಮನೆಮನೆಗೆ ಹಂಚುತ್ತಿದ್ದರು. ನಾಲ್ಕಾರು ದಿನ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಕಟಕಾಗಿ ಒಣಗಿದ ರೊಟ್ಟಿಗಳನ್ನು ಬುಟ್ಟಿಯಲ್ಲಿ ಜೋಡಿಸಿ ಲಗ್ನದ ಮನೆಗೆ ಹೊತ್ತು ತರುತ್ತಿದ್ದರು. ಹಳ್ಳಿಗಳಲ್ಲಿ ಇದು ಇನ್ನೂ ಪೂರ್ತಿ ನಿಂತಿಲ್ಲ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಇದ್ದರೆ ಊಟ ಮುಗಿಯಿತು. ಈಗ ಪನೀರ್, ಗೋಬಿ ಮಂಚೂರಿ ಬಂದಿವೆ; ಅವುಗಳ ಬಗ್ಗೆ ನಾನು ಹೇಳುವಂಥದ್ದೇನೂ ಇಲ್ಲ.

ಅರಮನೆಯ ಬೀಗತನ

ಲಗ್ನದ ಕಥೆಯಲ್ಲಿ ಬೀದರ ತನ್ನನ್ನು ಬಹಳ ಹಿಂದಕ್ಕೆ ಒಯ್ಯುತ್ತದೆ. ದಮಯಂತಿಯ ಸ್ವಯಂವರ ನಡೆದದ್ದು ಇಲ್ಲೇ ಎಂದು ಊರಿನವರ ಅಂಬೋಣ. ಬೀದರದ ರಾಜ ಭೀಮಸೇನ, ಅವನ ಮಗಳು, ಮಾಳವದ ನಳ ಎಂದು ಇತಿಹಾಸಕಾರ ಫೆರಿಸ್ತಾ ಬರೆದಿಟ್ಟ. ಅಕ್ಬರನ ಆಸ್ಥಾನದ ಫೈಜಿ ಆ ಕಥೆಯನ್ನು ಪಾರ್ಸಿಯಲ್ಲಿ 'ನಲ್ ದಮನ್' ಕಾವ್ಯ ಮಾಡಿದ. ದಮಯಂತಿಯ ವಿದರ್ಭ ಬೇರೆ, ಬೀದರ ಬೇರೆ ಎಂದು ವಿದ್ವಾಂಸರು ಹೇಳಿಯೇ ಹೇಳುತ್ತಾರೆ. ಊರು ಕೇಳುವುದಿಲ್ಲ.

ದಾಖಲೆಯಿರುವ ಲಗ್ನಗಳೂ ಕಥೆಗಿಂತ ಕಡಿಮೆಯವಲ್ಲ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಅಹಮದ್ ಶಾಹ ಇರಾನಿನ ಕಿರ್ಮಾನದ ಸೂಫಿ ಶಾಹ ನೇಮತುಲ್ಲಾ ಅವರಿಗೆ ನಡೆದುಕೊಳ್ಳುತ್ತಿದ್ದ. ಅವರ ಮೊಮ್ಮಗ ನೂರುಲ್ಲಾ ಬೀದರಕ್ಕೆ ಬಂದಾಗ ತನ್ನ ಮಗಳನ್ನೇ ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ. ಆಮೇಲೆ ನೇಮತುಲ್ಲಾರ ಮಗ ಖಲೀಲುಲ್ಲಾ ಬಂದರು. ಅವರ ಮಕ್ಕಳಿಗೂ ಸುಲ್ತಾನನ ಮನೆತನದ ಹೆಣ್ಣುಗಳೇ. ಅಷ್ಟೂರಿನ ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಎಂಬ ಗೋರಿ ಇದೆಯಲ್ಲ, ಕಪ್ಪು ಕಲ್ಲಿನ ಬಾಗಿಲಿನ ಮೇಲೆ ಬಳ್ಳಿಯಂತೆ ಅಕ್ಷರ ಹಬ್ಬಿಸಿದ್ದು, ಅದು ಆ ಬೀಗರದು.

ಅಹಮದ್ ಶಾಹನ ಮಗ ಅಲ್ಲಾವುದ್ದೀನನ ಲಗ್ನ ಮಾತ್ರ ರಣಕ್ಕೆ ಇಟ್ಟಿತು. ಕೊಂಕಣದ ಸಂಗಮೇಶ್ವರದ ರಾಜನನ್ನು ಸೋಲಿಸಿದ ಮೇಲೆ ಆ ರಾಜನ ಮಗಳು ಬೀದರದ ಅರಮನೆಗೆ ಬಂದಳು. ಜೇಬಾ ಚೆಹರಾ, ಅಂದರೆ ಚೆಲುವ ಮುಖದವಳು ಎಂದು ಅವಳಿಗೆ ಹೆಸರಿಟ್ಟರು. ಮೊದಲ ರಾಣಿ ಖಾನದೇಶದ ನಾಸಿರ್ ಖಾನನ ಮಗಳು. ಗಂಡ ತನ್ನತ್ತ ತಿರುಗಿ ನೋಡುತ್ತಿಲ್ಲವೆಂದು ತವರಿಗೆ ಓಲೆ ಬರೆದಳು. 1437ರಲ್ಲಿ ಮಾವ ಅಳಿಯನ ಮೇಲೆ ದಂಡೆತ್ತಿ ಬಂದ, ಸೋತು ಹೋದ. ತವರಿನವರು ಜಗಳಕ್ಕೆ ಬರುವುದು ನಮ್ಮ ಓಣಿಯಲ್ಲೂ ಇದ್ದದ್ದೇ, ಅವರು ಆನೆ ಕುದುರೆ ತರುವುದಿಲ್ಲ ಅಷ್ಟೇ.

ಇವತ್ತಿನ ದಖನಿ ಮುಸ್ಲಿಂ ಮನೆಯ ಶಾದಿಯಲ್ಲಿ ಇರಾನು, ಹೈದರಾಬಾದು, ಬೀದರ ಮೂರೂ ಒಂದಾಗಿವೆ. ಮಂಗ್ನಿ, ಮಾಂಝಾ, ಸಾಂಚಕ್, ಮೆಹಂದಿ, ನಿಕಾಹ್, ಜಲ್ವಾ, ವಲೀಮಾ. ಲಗ್ನವಾದ ಮೇಲೆ ಶುಕ್ರವಾರಕ್ಕೊಮ್ಮೆ ಅಳಿಯನನ್ನು ಕರೆದು ಉಣಿಸುವ ಜುಮ್ಮಗಿ ಬೇರೆ. ನಿಕಾಹ್ ಎಂಬುದು ಕರಾರು: ಹೆಣ್ಣಿನ ಒಪ್ಪಿಗೆ, ಇಬ್ಬರು ಸಾಕ್ಷಿ, ಮೆಹರಿನ ಮೊತ್ತ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ದಖನ್ನಿನ ಮಣ್ಣಿನದು. ಹೆಣ್ಣಿನ ಕೊರಳಿಗೆ ಬೀಳುವ ಲಚ್ಛಾ ನೋಡಿ, ಕಾಲೀ ಪೋತ್ ಎಂದು ಕರೆಯುವ ಕಪ್ಪು ಮಣಿಯ ಎಳೆಗಳು. ಪಕ್ಕದ ಮನೆಯ ಲಿಂಗಾಯತ ಹೆಂಗಸಿನ ಕರಿಮಣಿಯ ಮಗ್ಗುಲಲ್ಲಿಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಎರಡಕ್ಕೂ ಮಣಿ ಪೋಣಿಸುವವನು ಒಬ್ಬನೇ ಇದ್ದರೂ ಅಚ್ಚರಿಯಿಲ್ಲ.

ಹೈದರಾಬಾದಿನ ಶ್ರೀಮಂತರ ಮನೆಯ ಹೆಣ್ಣಿನ ಬಳುವಳಿಗೆ ಬೀದರದ ಪಾಲೊಂದಿತ್ತು: ಬಿದ್ರಿಯ ಪಾನದಾನ. ಸತುವಿನ ಹದಿನಾರು ಪಾಲಿಗೆ ತಾಮ್ರದ ಒಂದು ಪಾಲು ಬೆರೆಸಿ ಎರಕ ಹೊಯ್ದು, ಮೇಲೆ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆ ಹಂತದಲ್ಲಿ ಬೆಳ್ಳಿಗೂ ಲೋಹಕ್ಕೂ ವ್ಯತ್ಯಾಸ ಸರಿಯಾಗಿ ಕಾಣದು. ಕೊನೆಗೆ ಕೋಟೆಯ ಹಳೇ ಗೋಡೆಗಳೊಳಗಿನ, ಮಳೆ ಬಿಸಿಲು ಕಾಣದ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ ತಿಕ್ಕಿದಾಗ ಲೋಹ ಕಪ್ಪಗಾಗಿ ಬೆಳ್ಳಿ ಬೆಳಗುತ್ತದೆ. ಕಸುಬುದಾರರು ಆ ಮಣ್ಣನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. ಎಲೆ ಅಡಿಕೆ ಹಾಕುವವರು ಕಡಿಮೆಯಾದರು, ಪಾನದಾನದ ಜಾಗಕ್ಕೆ ಹೂದಾನಿ ಬಂತು. ಲಗ್ನದ ಉಡುಗೊರೆಯ ಕಾಗದ ಬಿಚ್ಚಿದರೆ ಮಾತ್ರ ಒಳಗೆ ಈಗಲೂ ಬಿದ್ರಿಯೇ.

ಕಲ್ಯಾಣದ ಆ ಒಂದು ಲಗ್ನ

ಜಾತಿಯ ಗೆರೆ ದಾಟಿದ ಲಗ್ನವೂ ಈ ಜಿಲ್ಲೆಯದೇ. ಕನ್ನಡ ನಾಡಿನಲ್ಲಿ ಅದಕ್ಕಿಂತ ಹೆಸರಾದ ಲಗ್ನ ಇನ್ನೊಂದಿಲ್ಲ. 12ನೇ ಶತಮಾನದ ಕಲ್ಯಾಣ, ಬಿಜ್ಜಳನ ಆಳ್ವಿಕೆ. ಚಮ್ಮಾರ ಕುಲದಲ್ಲಿ ಹುಟ್ಟಿದ ಶರಣ ಹರಳಯ್ಯನ ಮಗ ಶೀಲವಂತ, ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸನ ಮಗಳು ಲಾವಣ್ಯ. ಲಿಂಗ ಕಟ್ಟಿದ ಮೇಲೆ ಇಬ್ಬರೂ ಶರಣರೇ, ಕುಲದ ಮಾತೆಲ್ಲಿ ಎಂದು ಹಿರಿಯರು ಲಗ್ನ ಮಾಡಿದರು. ಇದು ವರ್ಣಸಂಕರವೆಂಬ ದೂರು ಅರಮನೆಗೆ ಹೋಯಿತು. ಹರಳಯ್ಯನನ್ನೂ ಮಧುವರಸನನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಆಮೇಲೆ ಬಿಜ್ಜಳನ ಕೊಲೆ, ಕಲ್ಯಾಣದ ದಂಗೆ, ಶರಣರು ಉಳವಿಯ ಕಡೆಗೂ ದಿಕ್ಕುದಿಕ್ಕಿಗೂ ಚದುರಿದ್ದು. ಲಗ್ನದ ಹಂದರ ಇಳಿಸುವ ಮುಂಚೆಯೇ ಮಣ್ಣಿನ ಸಿದ್ಧತೆ. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಮೂರೂ ನಾಟಕಗಳು ಈ ಕಲ್ಯಾಣಕ್ಕೇ ಮರಳಿ ಬಂದವು. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಯನ್ನು ಈಗಲೂ ತೋರಿಸುತ್ತಾರೆ.

ಆ ಲಗ್ನದ ನೆನಪನ್ನು ಶಾಸ್ತ್ರದ ರೂಪದಲ್ಲಿ ಉಳಿಸಿಕೊಳ್ಳುವ ಯತ್ನಗಳು ನಡೆದಿವೆ. ಬಸವಪರ ಸಂಘಟನೆಗಳು ಮಾಡಿಸುವ ಕಲ್ಯಾಣ ಮಹೋತ್ಸವದಲ್ಲಿ ಸಂಸ್ಕೃತ ಮಂತ್ರದ ಬದಲು ವಚನ ಓದುತ್ತಾರೆ, ಅಕ್ಷತೆಯ ಬದಲು ಹೂವಿನ ಎಸಳು ಹಾಕುತ್ತಾರೆ, ಮುಹೂರ್ತ ನೋಡುವುದಿಲ್ಲ, ಗಂಡು ಹೆಣ್ಣು ಇಬ್ಬರೂ ಕನ್ನಡದಲ್ಲೇ ಪ್ರತಿಜ್ಞೆ ಮಾಡುತ್ತಾರೆ. ಕನ್ನಡದಲ್ಲೇ ಎನ್ನುವುದಕ್ಕೆ ಈ ನೆಲದಲ್ಲಿ ಬೇರೆ ತೂಕವಿದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು. 1889ರಲ್ಲಿ ಹುಟ್ಟಿ 1999ರಲ್ಲಿ ಲಿಂಗೈಕ್ಯರಾದ ಅವರ ಆಯುಷ್ಯದಲ್ಲಿ ಈ ಸೀಮೆ ನಿಜಾಮನನ್ನು ಕಂಡು, ರಜಾಕಾರರ ಹಾವಳಿ ಕಂಡು, ಕರ್ನಾಟಕವನ್ನೂ ಕಂಡಿತು.

ಆದರೆ ಹೂವಿನ ಎಸಳು ಹಾಕಿದ ಕೈಯೇ ಬಯೋಡೇಟಾದಲ್ಲಿ ಒಳಪಂಗಡದ ಕಾಲಂ ತುಂಬುತ್ತದೆ. ಓದಿದ ವಚನ 12ನೇ ಶತಮಾನದ್ದು, ಹುಡುಕಿದ ಸಂಬಂಧ ಅದಕ್ಕೂ ಹಿಂದಿನದು. ಬೌದ್ಧ ಧಮ್ಮ ಸ್ವೀಕರಿಸಿದ ಮನೆಗಳಲ್ಲಿ ಬಿಳಿ ಬಟ್ಟೆ ತೊಟ್ಟು, ಬುದ್ಧ ಮತ್ತು ಅಂಬೇಡ್ಕರರ ಚಿತ್ರಗಳ ಮುಂದೆ ತ್ರಿಶರಣ, ಪಂಚಶೀಲ ಹೇಳಿ ಲಗ್ನವಾಗುತ್ತಾರೆ. ಖರ್ಚು ಕಡಿಮೆ, ಪುರೋಹಿತರ ಹಂಗಿಲ್ಲ. ಬೀದರದ ಮಂಗಲಪೇಟೆಯ ಮೆಥಡಿಸ್ಟ್ ಕ್ರೈಸ್ತರಲ್ಲಿ ಕನ್ನಡ ಕೀರ್ತನೆ, ಬಿಳಿ ಸೀರೆ, ಉಂಗುರ. ಇವೆಲ್ಲ ಮದುವೆಯ ರೀತಿಯನ್ನು ಬದಲಿಸಿದವು. ಬೀಗರನ್ನು ಆರಿಸುವ ರೀತಿ ಅಷ್ಟಾಗಿ ಬದಲಾಗಲಿಲ್ಲ.

ಇದರಲ್ಲಿ ದೇವರೇ ಮನುಷ್ಯರಿಗಿಂತ ಮುಂದೆ. ಹೊಸ ಜೋಡಿಗಳು ಭಂಡಾರ ಹಾರಿಸಲು ಹೋಗುವ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ, ಮರಾಠಿಗರಿಗೆ ಖಂಡೋಬಾ. ಅವನಿಗೆ ಇಬ್ಬರು ಹೆಂಡಿರು. ಜನಪದರ ಕಥೆಯಲ್ಲಿ ಮ್ಹಾಳಸಾ ಲಿಂಗಾಯತ ವಾಣಿಗರ ಮಗಳು, ಬಾಣಾಯಿ ಕುರಿ ಕಾಯುವ ಧನಗರ ಹೆಣ್ಣು. ಸವತಿಯರ ಜಗಳದ ಪದಗಳನ್ನು ಅವನ ಭಕ್ತರಾದ ವಾಘ್ಯಾ ಮುರಳಿಯರು ರಾತ್ರಿಯಿಡೀ ಹಾಡುತ್ತಾರೆ. ಕೇಳುತ್ತ ಕೂತ ಹಿರಿಯರು ನಗುತ್ತಾರೆ, ತಲೆದೂಗುತ್ತಾರೆ. ಬೆಳಿಗ್ಗೆ ಎದ್ದು ಮಗನ ಪ್ರೇಮಪ್ರಕರಣಕ್ಕೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಎತ್ತಿನ ಮೇಲೆ ನಿಂತ ಮದುಮಗಳು

ಔರಾದ ತಾಲ್ಲೂಕಿನ ತಾಂಡಾಗಳಿಗೆ ಹೋದರೆ ಲಗ್ನ ಬೇರೆಯದೇ ಬಣ್ಣ ತಾಳುತ್ತದೆ. ಲಂಬಾಣಿಗರಲ್ಲಿ ಬೆಲ್ಲ ತಿಂದರೆ ಮಾತು ಮುಗಿಯಿತು: ನಾಯಕ, ಕಾರಭಾರಿ, ಪಂಚರ ಎದುರು ಬೆಲ್ಲ ಹಂಚುವುದೇ ನಿಶ್ಚಿತಾರ್ಥ. ಹಿಂದೆ ಮದುಮಗ ತಿಂಗಳುಗಟ್ಟಲೆ ಹೆಣ್ಣಿನ ತಾಂಡಾದಲ್ಲೇ ಬೀಡುಬಿಡುತ್ತಿದ್ದ ಕಾಲವಿತ್ತು. ಈಗ ಮುಂಬೈ, ಪುಣೆಗೆ ದುಡಿಯಲು ಹೋದ ಹುಡುಗನಿಗೆ ಅಷ್ಟು ರಜೆ ಎಲ್ಲಿ?

ಅಳು ಮಾತ್ರ ಉಳಿದಿದೆ. ಲಂಬಾಣಿ ಮದುಮಗಳು ಬರಿದೆ ಅಳುವುದಿಲ್ಲ, ಹಾಡಿ ಅಳುತ್ತಾಳೆ. ಢಾವಲೋ ಎಂಬ ಆ ಹಾಡನ್ನು ಲಗ್ನಕ್ಕೆ ಮುಂಚೆಯೇ ಹಿರಿಯ ಹೆಂಗಸರು ಕೂರಿಸಿಕೊಂಡು ಕಲಿಸುತ್ತಾರೆ. ಅವ್ವನ ಕೊರಳು ಹಿಡಿದು ಒಂದು, ಅಣ್ಣನ ಕೊರಳು ಹಿಡಿದು ಒಂದು, ಗೆಳತಿಯರಿಗೆ ಇನ್ನೊಂದು. ರಾಗ ಒಂದೇ, ನಡುವೆ ಸೇರುವ ಹೆಸರು, ದೂರು, ನೆನಪು ಅವಳವೇ. ನನ್ನನ್ನು ಇಷ್ಟು ದೂರ ಯಾಕೆ ಕೊಟ್ಟಿರಿ ಎಂದು ಅಪ್ಪನನ್ನು ಎಲ್ಲರೆದುರು ಕೇಳಲು ಅವಳಿಗಿರುವ ಜಾಗ ಇದೊಂದೇ. ಹೊರಡುವ ಹೊತ್ತಿಗೆ ಸಿಂಗರಿಸಿದ ಎತ್ತಿನ ಬೆನ್ನ ಮೇಲೆ ಅವಳನ್ನು ನಿಲ್ಲಿಸುತ್ತಾರೆ. ಎರಡೂ ಕೈ ಮೇಲೆತ್ತಿ ಅವಳು ಹವೇಲಿ ಹಾಡುತ್ತಾಳೆ. ತವರು ತಣ್ಣಗಿರಲಿ, ದನಕರು ಹೆಚ್ಚಲಿ, ಅಣ್ಣತಮ್ಮಂದಿರು ಬಾಳಲಿ ಎಂಬ ಹರಕೆ ಅದು. ಎತ್ತು ಹೇರಿ ಊರೂರು ತಿರುಗಿದ ಜನರ ಹೆಣ್ಣು ತವರನ್ನು ಹರಸುವುದಕ್ಕೂ ಎತ್ತೇ ಬೇಕು. ಎತ್ತು ಸಾಕುವವರೇ ಕಡಿಮೆಯಾದ ತಾಂಡಾಗಳಲ್ಲಿ ಪಕ್ಕದ ಊರಿನ ರೈತನ ಜೋಡಿ ಬೇಡಿ ತರಬೇಕಾಗುತ್ತದೆ.

ಲಗ್ನಕ್ಕೂ ಸಾವಿಗೂ ಲಂಬಾಣಿಗರು ಹಾಕಿದ ಗಂಟು ನೇರವಾದದ್ದು: ಲಗ್ನವಾದವರನ್ನು ಸುಡುತ್ತಾರೆ, ಆಗದವರನ್ನು ಹೂಳುತ್ತಾರೆ. ಲಗ್ನವಾಗುವ ತನಕ ಮನುಷ್ಯ ಪೂರ್ತಿಯಾಗಲಿಲ್ಲ ಎಂಬ ನಂಬಿಕೆ ಚಿತೆಯವರೆಗೂ ಹಿಂಬಾಲಿಸುತ್ತದೆ.

ಕೆಂಪು ನೆಲ, ಎರೆ ನೆಲ

ಹೂಳುವ ಊರಿನಲ್ಲಿ ನೆಲದ ಗುಣ ಗೊತ್ತಿರಬೇಕು. ಬೀದರ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೋಟೆಯ ಮೂರು ಸುತ್ತಿನ ಕಂದಕ ಕಡಿದದ್ದು ಆ ಕಲ್ಲಿನಲ್ಲೇ. ಇಲ್ಲಿ ಗೋರಿ ತೋಡುವುದೆಂದರೆ ಹಾರೆ ಬಡಿದು ಅಂಗುಲಂಗುಲ ಇಳಿಯಬೇಕು. ತೋಡಿದ ಮೇಲೆ ಗೋಡೆ ಅಲುಗುವುದಿಲ್ಲ. ಔರಾದ, ಭಾಲ್ಕಿಯ ಎರೆಭೂಮಿಯದು ಬೇರೆ ಕಥೆ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ತೋಡಿದಂತೆಲ್ಲ ಕುಸಿಯುವ ಅಂಚು. ಶ್ರಾವಣದಲ್ಲಿ ಹೆಣ ಹೊತ್ತವರು ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದ ರಾಡಿಯಲ್ಲಿ ಹೆಗಲು ಬದಲಿಸುತ್ತ ಹೋಗುತ್ತಾರೆ. ಆಗ ಹೆಗಲು ಕೊಡುವವನ ಜಾತಿ ಯಾರೂ ಕೇಳುವುದಿಲ್ಲ.

ಲಿಂಗಾಯತರಲ್ಲಿ ಸತ್ತವರನ್ನು ಮೀಯಿಸಿ, ವಿಭೂತಿ ಹಚ್ಚಿ, ಕೂತ ಭಂಗಿಯಲ್ಲಿ ವಿಮಾನದಲ್ಲಿ ಇರಿಸಿ, ಭಜನೆಯೊಂದಿಗೆ ಕರೆದೊಯ್ಯುತ್ತಾರೆ. ಗುಂಡಿಯನ್ನು ಸತ್ತವರ ಪಾದದ ಅಳತೆಯಿಂದಲೇ ಅಳೆಯುವುದು ಹಳೇ ಕ್ರಮ. ಅಳೆಯುವವನು ಕಡ್ಡಿಯೊಂದನ್ನು ಅಂಗಾಲಿನ ಉದ್ದಕ್ಕೆ ಮುರಿದುಕೊಂಡು, ಅದನ್ನೇ ನೆಲದ ಮೇಲೆ ಮಗುಚುತ್ತ ಎಣಿಸುತ್ತಾನೆ. ಗುಂಡಿಯ ಒಳಗೋಡೆಯಲ್ಲೊಂದು ಗೂಡು. ಅಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬಿ ಮುಚ್ಚುತ್ತಾರೆ. ಧರ್ಮದ ಪ್ರಕಾರ ಸಾವಿಗೆ ಸೂತಕವಿಲ್ಲ, ಶರಣರು ಐದೂ ಸೂತಕಗಳನ್ನು ಅಳಿಸಿ ಹಾಕಿದರು. ಆದರೂ ಐದನೇ ದಿನ, ಒಂಬತ್ತನೇ ದಿನ, ಹನ್ನೊಂದನೇ ದಿನ ಎಂಬ ಲೆಕ್ಕ ಬಿಟ್ಟಿಲ್ಲ. ಶಿವಗಣಾರಾಧನೆ ಎಂಬ ಹೆಸರು ಬಂದಿದೆ.

ಮುಸ್ಲಿಮರಲ್ಲಿ ಗುಸುಲು, ಹೊಲಿಗೆಯಿಲ್ಲದ ಬಿಳಿ ಕಫನ್, ರುಕು ಸಜ್ದಾ ಇಲ್ಲದೆ ನಿಂತೇ ಮಾಡುವ ಜನಾಜಾ ನಮಾಜು. ಕಾಬಾದ ಕಡೆ ಮುಖ ತಿರುಗಿಸಿ ಮಲಗಿಸಿದ ಮೇಲೆ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುತ್ತಾರೆ. ಮಿಟ್ಟಿ ಕು ಗಯಾ ಥಾ ಎನ್ನುತ್ತಾನೆ ದಖನಿಯವ. ಮಣ್ಣಿಗೆ ಹೋಗಿದ್ದೆ ಎನ್ನುತ್ತಾನೆ ಕನ್ನಡದವ. ಖಬರಸ್ತಾನದ ಅಂಚಿನಲ್ಲಿ ಟೊಪ್ಪಿಗೆಯಿಲ್ಲದೆ ಕರವಸ್ತ್ರ ತಲೆಗೆ ಕಟ್ಟಿಕೊಂಡು ನಿಂತವರು ಯಾರೆಂದು ನೋಡಿದರೆ ಅದೇ ಓಣಿಯ ಪಾಟೀಲ, ಕುಂಬಾರ, ಬಡಿಗೇರ. ಮೂರನೇ ದಿನ ಜಿಯಾರತ್, ನಲವತ್ತಕ್ಕೆ ಚಹಲ್ಲುಮ್. ಮರಾಠರಲ್ಲಿ ದಹನ, ಹತ್ತನೇ ದಿನ ಪಿಂಡ, ಕಾಗೆ ಮುಟ್ಟಲಿಲ್ಲವೆಂದರೆ ತಾಸುಗಟ್ಟಲೆ ಕಾಯುವುದು, ಹದಿಮೂರಕ್ಕೆ ಊಟ. ಬೀದರದ ಗುರುನಾನಕ್ ಝೀರಾ ಗುರುದ್ವಾರದ ಆಸುಪಾಸಿನ ಸಿಖ್ಖರಲ್ಲಿ ದಹನದ ನಂತರ ಪಾಠ, ಭೋಗ್, ಲಂಗರ್.

ಯಾವ ಧರ್ಮದ ಮನೆಯಾದರೂ ಸಾವಾದ ದಿನ ಒಲೆ ಹೊತ್ತಿಸುವುದಿಲ್ಲ. ಪಕ್ಕದವರು ರೊಟ್ಟಿ, ಜುಣಕ ತರುತ್ತಾರೆ, ಇಲ್ಲವೇ ಖಿಚಡಿ. ತಂದವರೇ ಕೂತು ಒತ್ತಾಯ ಮಾಡಿ ತುತ್ತು ತಿನ್ನಿಸುತ್ತಾರೆ. ದಿನ ಮಾಡುವಾಗ ಆಹೇರದ ವಹಿ ಮತ್ತೆ ಹೊರಗೆ ಬರುತ್ತದೆ. ಬೀಗರು ಮಗನಿಗೆ ಹೊಸ ರುಮಾಲು ಸುತ್ತುತ್ತಾರೆ, ಗಂಡನನ್ನು ಕಳೆದುಕೊಂಡವಳಿಗೆ ತವರಿನ ಸೀರೆ ಬರುತ್ತದೆ. ಲಗ್ನದ ಹಂದರದಲ್ಲಿ ಮೈಕಿನಲ್ಲಿ ಕೂಗಿದ್ದನ್ನು ಇಲ್ಲಿ ಪಿಸುಮಾತಿನಲ್ಲಿ ಬರೆದುಕೊಳ್ಳುತ್ತಾರೆ.

ಆ ಸೀರೆಯ ಮುಂಚೆ ಏನಾಗುತ್ತದೆ ಎಂಬುದನ್ನು ಹೇಳದೆ ಬಿಡಬಾರದು. ಬಳೆ ಒಡೆಯುವುದು, ಕುಂಕುಮ ಒರೆಸುವುದು ಅನೇಕ ಮನೆಗಳಲ್ಲಿ ಈಗಲೂ ನಡೆಯುತ್ತದೆ, ಮಾಡುವವರು ಹೆಂಗಸರೇ. ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯ್ತಿ 2022ರ ಮೇ ತಿಂಗಳಲ್ಲಿ ಇವನ್ನೆಲ್ಲ ನಿಲ್ಲಿಸುವ ಠರಾವು ಮಾಡಿತು, ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯ್ತಿಗಳಿಗೂ ಅದನ್ನೇ ಅನುಸರಿಸಿ ಎಂದಿತು. ಸೋಯರಿಕೆ ಇಷ್ಟು ಸುಲಭವಾಗಿ ಗಡಿ ದಾಟುತ್ತದೆ. ಈ ಠರಾವು ದಾಟಲು ಏನು ಅಡ್ಡಿಯೋ.

ಇನ್ನೊಂದು ಮಾತೂ ಇದೆ. ಹೆಗಲಿಗೆ ಜಾತಿಯಿಲ್ಲ ಎಂದೆ, ಸ್ಮಶಾನಕ್ಕಿದೆ. ಲಿಂಗಾಯತರ ರುದ್ರಭೂಮಿ, ಮುಸ್ಲಿಮರ ಖಬರಸ್ತಾನ, ಕ್ರೈಸ್ತರ ಸಮಾಧಿ ತೋಟ ಎಂದು ನೆಲ ಹಂಚಿಕೆಯಾದ ಮೇಲೆ ಎಷ್ಟೋ ಊರುಗಳ ದಲಿತರಿಗೆ ಉಳಿದದ್ದು ಹಳ್ಳದ ದಂಡೆ. ಹೊಲ ಇದ್ದವನು ತನ್ನ ಹೊಲದಲ್ಲೇ ಹೂಳಿಕೊಳ್ಳುತ್ತಾನೆ, ಹೊಲವಿಲ್ಲದವನಿಗೆ ಸತ್ತ ಮೇಲೂ ನೆಲವಿಲ್ಲ. ಸ್ಮಶಾನ ಭೂಮಿಯಿಲ್ಲದ ಹಳ್ಳಿಗಳ ವಿಚಾರ ಕರ್ನಾಟಕ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.

ಸತ್ತ ಮದುಮಗ

ಲಗ್ನ ಮತ್ತು ಮಣ್ಣು ಒಂದೇ ಹಂದರದಡಿ ಕೂಡುವ ಹತ್ತು ದಿನ ಈ ಸೀಮೆಯಲ್ಲಿವೆ. ಮೊಹರಂ. ಕರ್ಬಲಾದ ರಣದಲ್ಲಿ ಇಮಾಮ್ ಹುಸೇನರ ಅಣ್ಣನ ಮಗ ಕಾಸಿಂ, ಕಾಳಗಕ್ಕೆ ಹೊರಡುವ ಮುನ್ನ ಮದುಮಗನಾದ, ಮೆಹಂದಿ ಆರುವ ಮೊದಲೇ ಹುತಾತ್ಮನಾದ ಎಂದು ಕಥೆ. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ ಎನ್ನುವ ವಿದ್ವಾಂಸರು ಬಹಳ. 16ನೇ ಶತಮಾನದ ಆರಂಭದಲ್ಲಿ ಕಾಶಿಫಿ ಪಾರ್ಸಿಯಲ್ಲಿ ಬರೆದ ಕೃತಿಯಿಂದ ಇದು ಹೆಚ್ಚು ಹಬ್ಬಿತು. ದಖನ್ನು ಅದನ್ನು ಎದೆಗವಚಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿಗೆ ಕೂರಿಸುವ ಅಲಾಯಿ ದೇವರುಗಳಲ್ಲಿ ಒಂದಕ್ಕೆ ಹೆಸರೇ ಕಾಸಿಂ ದೂಲ್ಹಾ. ಏಳನೇ ದಿನ ಅವನಿಗೆ ಮೆಹಂದಿಯ ಮೆರವಣಿಗೆ. ಅದಾಗಿ ಮೂರೇ ದಿನಕ್ಕೆ ದಫನ್: ಅಲಾಯಿಗಳನ್ನು ಹೊಳೆಗೋ ಬಾವಿಗೋ ಒಯ್ದು, ಬೋಳು ಮಾಡಿ, ಬಟ್ಟೆ ಮುಚ್ಚಿ ತರುತ್ತಾರೆ.

ಕರ್ಬಲಾದ ಕಥೆಯ ರಿವಾಯತ ಪದ ಹಾಡುವ ಮೇಳದಲ್ಲಿ ಕುರುಬರಿರುತ್ತಾರೆ, ಲಿಂಗಾಯತರಿರುತ್ತಾರೆ, ದಲಿತರಿರುತ್ತಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರಿನಲ್ಲೂ ಅಲಾಯಿ ಕೂರುತ್ತವೆ. ಎಂದೋ ಯಾವುದೋ ಮರುಭೂಮಿಯಲ್ಲಿ ಸತ್ತ ಹುಡುಗನಿಗೆ ಇಲ್ಲಿನ ಹೆಂಗಸರು ಬಾಸಿಂಗ ಕಟ್ಟಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಕ್ಕಳಾಗಲೆಂದು ಹರಕೆ ಹೊರುತ್ತಾರೆ.

ಅಷ್ಟೂರಿನಲ್ಲಿ

ಬೀದರದಿಂದ ಮೂಡಣಕ್ಕೆ ಅಷ್ಟೂರು. ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು. 1461ರಲ್ಲಿ ತೀರಿಕೊಂಡ ಹುಮಾಯೂನನ ಗೋರಿ 19ನೇ ಶತಮಾನದಲ್ಲಿ ಸಿಡಿಲು ಬಡಿದು ಅರ್ಧಕ್ಕೆ ಸೀಳಿ ನಿಂತಿದೆ. ಇವತ್ತು ಆ ಗುಮ್ಮಟಗಳ ಮುಂದೆ ಲಗ್ನ ಗೊತ್ತಾದ ಹುಡುಗ ಹುಡುಗಿಯರು ಬಾಡಿಗೆ ಗೌನು, ಸೂಟು ತೊಟ್ಟು ಪ್ರಿ ವೆಡ್ಡಿಂಗ್ ಫೋಟೊ ತೆಗೆಸಿಕೊಳ್ಳುತ್ತಾರೆ. ಪಟ್ಟಣದ ಇನ್ನೊಂದು ಮಗ್ಗುಲಿನ ಬರೀದಶಾಹಿ ಗೋರಿಗಳ ಉದ್ಯಾನದಲ್ಲೂ ಅದೇ. ಆ ಮನೆತನದ ಸುಲ್ತಾನ ಅಲಿ ಬರೀದ ನಾಲ್ಕೂ ಕಡೆ ತೆರೆದ ಗೋರಿಯನ್ನು ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡ. ಗಾಳಿ ಬೆಳಕು ಚೆನ್ನಾಗಿವೆ, ಫೋಟೊಗ್ರಾಫರನಿಗೆ ಇನ್ನೇನು ಬೇಕು. ಹಿರಿಯರಿಗೆ ಇದು ಅಪಶಕುನ. ನನಗೇನೂ ತಪ್ಪು ಕಾಣುವುದಿಲ್ಲ.

ಅಷ್ಟೂರಿನ ನಿಜವಾದ ಹಬ್ಬ ಅಹಮದ್ ಶಾಹ ವಲಿಯ ಉರುಸು. ರಾಜಧಾನಿಯನ್ನು ಬೀದರಕ್ಕೆ ತಂದು 1436ರಲ್ಲಿ ತೀರಿಕೊಂಡ ಈ ಸುಲ್ತಾನ ಮುಸ್ಲಿಮರಿಗೆ ವಲಿ. ಅನೇಕ ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿನ ದಿನ ಲೆಕ್ಕ ಹಾಕುವುದು ಹೋಳಿ ಹುಣ್ಣಿಮೆಯಿಂದ, ಇಪ್ಪತ್ತನೇ ದಿನಕ್ಕೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಪರಿವಾರದೊಂದಿಗೆ ನಡೆದು ಬರುತ್ತಾರೆ. ಶಂಖ ಊದಿ, ಕಾಯಿ ಒಡೆದು, ಗೋರಿಗೆ ಹೂ ಏರಿಸಿದ ಮೇಲೆಯೇ ಉರುಸು ಕಳೆಗಟ್ಟುವುದು. ಒಳಗೆ ಗುಮ್ಮಟದ ತುಂಬ ಕೆಂಪು, ನೀಲಿ, ಹೊನ್ನಿನ ಬಣ್ಣದಲ್ಲಿ ಪಾರ್ಸಿ, ಅರಬಿ ಅಕ್ಷರಗಳು; ಕೆಳಗೆ ತೆಂಗಿನಕಾಯಿಯ ನೀರು, ಊದುಬತ್ತಿಯ ಹೊಗೆ, ಫಾತಿಹಾ ಓದುವ ದನಿ.

ದರ್ಶನ ಮುಗಿಸಿದವರು ಗುಮ್ಮಟಗಳ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಜೋಳದ ರಾಶಿ ಆಗಿದೆ, ಕೈಯಲ್ಲಿ ನಾಲ್ಕು ಕಾಸಿದೆ, ಲಗ್ನದ ಹಂಗಾಮು ಮುಂದಿದೆ. ಬಳೆ ಅಂಗಡಿಯಿಂದ ಬಂದ ಹೆಂಗಸರೂ ಸೇರಿಕೊಂಡರೆ ಮಾತು ಹೊರಳುವುದು ಒಂದೇ ಕಡೆಗೆ.

'ನಿಮ್ಮ ಹುಡುಗಗ ಎಲ್ಲ್ಯಾರ ನೋಡೀರೇನ್ರಿ?'

'ಉದಗೀರ ಕಡಿ ಒಂದ್ ಸ್ಥಳ ಅದ. ಹುಡುಗಿ ನರ್ಸಿಂಗ್ ಓದ್ಯಾಳ.'

'ನಮ್ಮೋರೇ ಏನು?'

'ನಮ್ಮೋರೇ ರೀ. ಮತ್ತ?'